ಮೇಷ್ಟ್ರ ಎಡಗೈ

ಮುರುಗಪ್ಪ ಮೇಷ್ಟ್ರ ಮೇಲೆ ನನಗೆ ಗೌರವ ಎಷ್ಟಿದೆಯೋ ಸಿಟ್ಟೂ ಅಷ್ಟೇ ಇದೆ. ಹೊಳಲ್ಕೆರೆಯ ಸಮುದಾಯ ಭವನದಲ್ಲಿ ವರ್ಷಗಟ್ಟಲೆ ಬೆಳಿಗ್ಗೆ ಯೋಗ ಹೇಳಿಕೊಟ್ಟವರು. ಬೊಜ್ಜು ಕರಗಿಸಲು ಬಂದ ನಮ್ಮನ್ನು ನೋಡಿ ನಗುತ್ತಿದ್ದರು.

"ಬಗ್ಗಾದು ಏಳಾದು ಯೋಗ ಅಲ್ರಪ್ಪ. ಯೋಗ ಅಂದ್ರೆ ಕೂಡಾದು, ಜೀವ ಹೋಗಿ ಶಿವನ್ನ ಕೂಡಾದು."

ಫಲ ಬೇಡದೆ ದುಡಿದರೆ ಕರ್ಮಯೋಗ, ಕರಗಿ ಅತ್ತರೆ ಭಕ್ತಿ, ನಾನ್ಯಾರೆಂದು ಕೆದಕಿದರೆ ಜ್ಞಾನ, ಮನಸ್ಸನ್ನು ಕಟ್ಟಿ ಕೂತರೆ ರಾಜಯೋಗ; ದಾರಿ ಬೇರೆ, ಊರು ಒಂದೇ ಎನ್ನುವರು. ಆದರೆ ಅವರ ಪ್ರೀತಿಯೆಲ್ಲ ಕೂರುವುದರ ಮೇಲೆಯೇ. ಎಡ ಅಂಗೈಯಲ್ಲಿ ಇಷ್ಟಲಿಂಗವಿಟ್ಟು ರೆಪ್ಪೆ ಬಡಿಯದೆ ನೋಡುತ್ತ ಕೂತರೆಂದರೆ, ಹೆಂಡತಿ ಗೌರಮ್ಮ ಕುಕ್ಕರ್ ಕೂಡ ಕೂಗಿಸುತ್ತಿರಲಿಲ್ಲ.

ಒಮ್ಮೆ ಧ್ಯಾನದಲ್ಲಿ ಜುಂಜಮ್ಮನ ಕೈ ನಡುಗಿತು. ಹತ್ತಿರದ ಹಟ್ಟಿಯಿಂದ ನಡೆದು ಬರುತ್ತಿದ್ದ, ಕುರಿ ಸಾಕುವ ಮನೆಯ ಹೆಂಗಸು. ಮೇಷ್ಟ್ರು ಎಲ್ಲರೆದುರೇ ಅಂದುಬಿಟ್ಟರು: "ಮನಸು ನಿಂತ್ರೆ ಕೈ ನಿಲ್ತೈತಮ್ಮ. ನಿನ್ ಮನಸು ಇನ್ನೂ ಕುರಿ ಹಿಂದೆ ಓಡ್ತೈತೆ." ನಾವೆಲ್ಲ ನಕ್ಕೆವು. ಮರುದಿನದಿಂದ ಅವಳು ಬರಲಿಲ್ಲ.

ಹೋದ ವರ್ಷ ಮೇಷ್ಟ್ರ ಎಡಗೈಯೇ ನಡುಗತೊಡಗಿತು. ಒಂದು ಬೆಳಿಗ್ಗೆ ಲಿಂಗ ಜಾರಿ ಚಾಪೆಗೆ ಬಿತ್ತು. ದಾವಣಗೆರೆಯ ಡಾಕ್ಟರು ನರದ ಕಾಯಿಲೆಯೆಂದು ಮಾತ್ರೆ ಬರೆದುಕೊಟ್ಟರು. ಮೇಷ್ಟ್ರು ಮುಟ್ಟಲಿಲ್ಲ.

"ನರ ಅಲ್ಲ ಕಣಯ್ಯ. ಇಷ್ಟು ವರ್ಷ ಕುಂತಿದ್ದೆಲ್ಲ ಸುಳ್ಳು."

ತಾವೇ ತೋಡಿದ ಹಳ್ಳಕ್ಕೆ ತಾವೇ ಬಿದ್ದಿದ್ದರು. ತರಗತಿ ನಿಂತಿತು, ಕೊರಳ ಕರಡಿಗೆಯಿಂದ ಲಿಂಗ ಹೊರಬರುವುದೂ ನಿಂತಿತು. ದಿನವಿಡೀ ಗೋಡೆ ನೋಡುತ್ತ ಕೂರುವರು. ಗೌರಮ್ಮ ನನ್ನ ಮುಂದೆ ಸೆರಗಿನಲ್ಲಿ ಕಣ್ಣೊರೆಸಿಕೊಂಡರು: "ನಿಮ್ ಮಾತಾದ್ರೂ ಕೇಳ್ತಾರೇನೋ ನೋಡ್ರಿ."

ನನಗೆ ರೇಗಿತು. ಜುಂಜಮ್ಮನದೂ ಇದೇ ನರದ ಕಾಯಿಲೆಯಿರಬೇಕು, ಇಷ್ಟರಲ್ಲಿ ಯಾವುದಾದರೂ ಆಸ್ಪತ್ರೆಯಲ್ಲಿ ವಾಸಿಯಾಗಿರುತ್ತಾಳೆ, ಅವಳನ್ನು ಕಂಡರೆ ಇವರ ಭ್ರಮೆ ಬಿಡುತ್ತದೆ ಎಂದುಕೊಂಡೆ. "ಹೋಗಾಣ ಬರ್ರಿ, ಅವಳನ್ನೇ ಕೇಳಾಣ" ಎಂದು ಮೇಷ್ಟ್ರನ್ನು ಬೈಕ್ ಹತ್ತಿಸಿಕೊಂಡು ಹಟ್ಟಿಗೆ ಹೋದೆ.

ಜುಂಜಮ್ಮ ಜಗಲಿಯ ಮೇಲಿದ್ದಳು. ಎರಡೂ ಕೈ ನಡುಗುತ್ತಿದ್ದವು. ಸೊಸೆ ಲೋಟ ಹಿಡಿದು ನೀರು ಕುಡಿಸುತ್ತಿದ್ದಳು. ನಾನು ಬೈಕ್ ನಿಲ್ಲಿಸಿ ಹತ್ತಿರ ಹೋದೆ.

"ಆಸ್ಪತ್ರೆಗೆ ತೋರಿಸ್ಲಿಲ್ವೇನಮ್ಮ?"

"ಮನಸು ಓಡಾದಕ್ಕೆ ಯಾವ ಆಸ್ಪತ್ರೆ ಐತಪ್ಪ?" ಎಂದವಳು ಮೇಷ್ಟ್ರ ಕಡೆ ತಿರುಗಿ ತಲೆ ತಗ್ಗಿಸಿದಳು. "ನೀವು ಹೇಳ್ದಂಗೆ ದಿನಾ ಕುಂತ್ಕಂತೀನ್ರಿ. ನನ್ ಮನಸೇ ಸರಿ ಇಲ್ಲ. ಬೈಬ್ಯಾಡ್ರಿ."

ಮೇಷ್ಟ್ರು ಶಾಲಿನೊಳಗಿನ ಎಡಗೈ ತೆಗೆದು ಅವಳ ಮುಂದೆ ಹಿಡಿದರು. ಜುಂಜಮ್ಮ ಆ ನಡುಗುವ ಕೈಯನ್ನು ನೋಡಿದಳು.

"ನಿಮಗೇ ಮನಸು ನಿಲ್ಲಲಿಲ್ಲ ಅಂದ್ರೆ, ನನ್ನಂಥೋಳ ಗತಿ ಏನು ಮೇಷ್ಟ್ರೇ?" ಎಂದಳು.