ಕೀಟೊದಲ್ಲಿ ಅಪ್ಪಾಜಿಗೆ ಬಸ್ಸು ತಪ್ಪಿದ್ದು

ನಮ್ಮ ಅಜ್ಜಂಪುರ ಇನ್ನೂ ತಾಲ್ಲೂಕು ಆಗಿರದ ದಿನಗಳು ಅವು. ಯಾವ ಕಾಗದಪತ್ರ ಬೇಕೆಂದರೂ ತರೀಕೆರೆಗೆ ಬಸ್ಸು ಹತ್ತಬೇಕಿತ್ತು. ಹತ್ತಿದರೆ ಆ ಬಸ್ಸಿನಲ್ಲಿ ನಮ್ಮ ಅಪ್ಪಾಜಿ ಇರುತ್ತಿದ್ದರು. ಕಡೂರಿನಿಂದ ಹೊರಟು ಬೀರೂರು, ಅಜ್ಜಂಪುರ ದಾಟಿ ತರೀಕೆರೆಗೆ ಹೋಗುವ ಖಾಸಗಿ ಬಸ್ಸೊಂದರ ಕಂಡಕ್ಟರು ಅವರು. ಬಸ್ಸಿನ ಹಣೆಯ ಮೇಲೆ ಯಾವುದೋ ದೇವರ ಹೆಸರಿತ್ತು; ಜನ ಮಾತ್ರ "ರುದ್ರಣ್ಣನ ಬಸ್ಸು ಹೋಯ್ತಾ?" ಎಂದೇ ಕೇಳುತ್ತಿದ್ದರು. ಬೇಸಿಗೆ ರಜೆಯಲ್ಲಿ ನಾನೂ ಅವರ ಜೊತೆ ಹೋಗುತ್ತಿದ್ದೆ. ಡ್ರೈವರ್ ಹಿಂದಿನ ಕಿಟಕಿ ನನ್ನದು. ಡೀಸೆಲ್ಲಿನ ವಾಸನೆ, ಈರುಳ್ಳಿ ಮೂಟೆಯ ಘಾಟು, ಯಾರದೋ ಮುಡಿಯ ಮಲ್ಲಿಗೆ ಎಲ್ಲ ಕಲೆತ ಆ ಗಾಳಿಯೇ ನನಗೆ ಅಪ್ಪಾಜಿಯ ವಾಸನೆ.

ಅವರು ಎಂದೂ ಎಲ್ಲರಿಗಿಂತ ಮೊದಲು ಬಸ್ಸು ಹತ್ತಿದವರಲ್ಲ. ಮುದುಕಿಯರ ಚೀಲ ಒಳಗೆ ತಳ್ಳಿ, ಮಕ್ಕಳನ್ನು ಎತ್ತಿ ಹಾಕಿ, "ರೈಟ್!" ಎಂದು ಕೂಗಿ, ಬಸ್ಸು ಎರಡು ಮಾರು ಉರುಳಿದ ಮೇಲೆ ಫುಟ್‌ಬೋರ್ಡಿಗೆ ಹಾರುವುದು. ಜನಜಂಗುಳಿಯಲ್ಲಿ ಅಮ್ಮ ಕಾಣದೆ ಅಳುವ ಮಕ್ಕಳಿಗೆ ಅವರು ಹೇಳುತ್ತಿದ್ದ ಮಾತೂ ಒಂದೇ: "ಅಳಬ್ಯಾಡ, ಕೂತ್ಕೋ. ಬಸ್ಸು ಎಲ್ಲಿಗೆ ಹೋಯ್ತದೆ? ಹೋದ ದಾರೀಲೇ ವಾಪಸ್ ಬತ್ತದೆ."

ನನಗೆ ಆಗ ಹನ್ನೊಂದು ವರ್ಷ. ಶಾಲೆಯ ಗಣಿತದ ಮೇಷ್ಟ್ರು ಮಳೆಗಾಲದ ಬಿಡುವಿನಲ್ಲಿ ಕಲಿಸಿದ ಚದುರಂಗ ನನ್ನನ್ನು ಜಿಲ್ಲೆ, ರಾಜ್ಯ ಎಂದು ಎಳೆದುಕೊಂಡು ಹೋಗಿ, ಕೊನೆಗೆ ಮಕ್ಕಳ ತಂಡದೊಂದಿಗೆ ದಕ್ಷಿಣ ಅಮೆರಿಕಕ್ಕೇ ತಂದು ನಿಲ್ಲಿಸಿತು. ಈಕ್ವೆಡಾರ್ ದೇಶದ ರಾಜಧಾನಿ ಕೀಟೊದಲ್ಲಿ ಪಂದ್ಯ. ಜೊತೆಗೆ ಪೋಷಕರೊಬ್ಬರು ಬರಬಹುದು ಎಂದರು. ಅಟ್ಲಾಸಿನಲ್ಲಿ ಆ ಊರನ್ನು ತೋರಿಸಿದಾಗ ಅಮ್ಮ, "ಕೀಟ ಅಂತ ಊರಿಗೆ ಹೆಸರು ಇಡ್ತಾರೇನ್ರೀ?" ಎಂದಳು.

"ಊರ ಹೆಸರು ಏನಾದ್ರೂ ಇರ್ಲಿ ಕಣೇ, ಬಸ್ಸು ಇರ್ತದಲ್ಲ," ಎಂದರು ಅಪ್ಪಾಜಿ.

ಬೆಟ್ಟದ ಮೇಲಿನ ಊರು, ಉಸಿರಿಗೆ ಗಾಳಿ ಕಡಿಮೆ, ಮೈ ಹೊಂದಿಕೊಳ್ಳಲಿ ಎಂದು ಮೂರು ದಿನ ಮುಂಚೆಯೇ ನಮ್ಮನ್ನು ಕಳುಹಿಸಿದ್ದರು. ತಂಡದವರಿಗೆಲ್ಲ ಬೇರೆ ಬೇರೆ ಮನೆ; ಹಳೆಯ ಪೇಟೆಯಲ್ಲಿ ರೋಸಾ ಎಂಬ ಹೆಂಗಸಿನ ಮನೆಯ ಮಹಡಿಯಲ್ಲಿ ನಮಗೊಂದು ಕೋಣೆ. ಮೊದಲ ದಿನ ಅಪ್ಪಾಜಿ ಆ ಮನೆಯ ಹದಿನೆಂಟು ಮೆಟ್ಟಿಲು ಹತ್ತಿ, ಮೇಲೆ ಪೆಟ್ಟಿಗೆ ಇಟ್ಟು ಕೂತುಬಿಟ್ಟರು. ಕೆಮ್ಮಣ್ಣುಗುಂಡಿಯ ಏರನ್ನು ಮಾತಾಡುತ್ತಲೇ ಹತ್ತುತ್ತಿದ್ದ ಮನುಷ್ಯ. "ಅದಕ್ಕಿಂತ ಎರಡರಷ್ಟು ಎತ್ತರ ಐತಂತೆ ಕಣಮ್ಮ ಈ ಊರು," ಎಂದು ಎದೆ ಒತ್ತಿಕೊಂಡು ನಕ್ಕರು. ಕಿಟಕಿ ತೆಗೆದರೆ ಎದುರಿಗೇ ಮೋಡ ಹೊದ್ದ ದೊಡ್ಡ ಬೆಟ್ಟ. ಕೆಳಗೆ ಕಲ್ಲು ಹಾಸಿದ ಬೀದಿ, ಬಿಳಿ ಗೋಡೆ, ನೀಲಿ ಬಾಗಿಲು. ಎಲ್ಲಿಂದಲೋ ಗಂಟೆ, ಅದು ನಿಂತ ಕೂಡಲೇ ಇನ್ನೊಂದು ಗಂಟೆ.

ರೋಸಾಗೆ ಕನ್ನಡ ಬಾರದು, ನಮಗೆ ಅವರ ಸ್ಪ್ಯಾನಿಷ್ ಬಾರದು. ಅಪ್ಪಾಜಿ ಅದನ್ನೊಂದು ಅಡ್ಡಿಯೆಂದೇ ತಿಳಿಯಲಿಲ್ಲ. "ನೋಡಮ್ಮ, ನಾವು ಮಾಂಸ ತಿನ್ನಲ್ಲ," ಎಂದು ಕೈ ಅಲ್ಲಾಡಿಸಿ, ಕೋಳಿ ಕೂಗಿ ತೋರಿಸಿ, ಮತ್ತೆ ಕೈ ಅಲ್ಲಾಡಿಸಿದರು. ರೋಸಾ ನಗುತ್ತಾ ಆಲೂಗಡ್ಡೆಯ ಗಟ್ಟಿ ಸಾರು ತಂದಿಟ್ಟಳು. ಮೇಲೆ ಬೆಣ್ಣೆಹಣ್ಣಿನ ಹೋಳು. ಬೆಣ್ಣೆಹಣ್ಣಿಗೆ ಸಕ್ಕರೆ ಹಾಕಿಯೇ ತಿಂದು ಗೊತ್ತಿದ್ದ ನಾನು ಅದನ್ನು ಮೊದಲ ಸಲ ಉಪ್ಪಿನ ಜೊತೆ ತಿಂದದ್ದು ಅಲ್ಲಿ.

ಮಾರನೆಯ ದಿನ ಊರು ನೋಡಲು ಹೊರಟೆವು. ದೊಡ್ಡ ಚೌಕದಲ್ಲಿ ಮುದುಕರು ಬೆಂಚಿನ ಮೇಲೆ ಬಿಸಿಲು ಕಾಯುತ್ತಿದ್ದರು, ಹುಡುಗರು ಬೂಟಿಗೆ ಬಣ್ಣ ಹಾಕುತ್ತಿದ್ದರು. ಒಂದು ಚರ್ಚಿನ ಒಳಗೆ ಹೋದರೆ ಗೋಡೆ, ಕಂಬ, ಚಾವಣಿ ಎಲ್ಲಕ್ಕೂ ಚಿನ್ನದ ಲೇಪ. ಅಪ್ಪಾಜಿ ಚಪ್ಪಲಿ ಹೊರಗೆ ಬಿಟ್ಟು ಬಂದಿದ್ದರು. ಬಾಗಿಲಿನವನು ಹೊರಗೆ ಓಡಿ ಹೋಗಿ ಅವನ್ನು ತಂದು ಅವರ ಕೈಗೇ ಕೊಟ್ಟ. ಇನ್ನೊಂದು ಚೌಕದಲ್ಲಿ ಪಾರಿವಾಳಗಳಿಗೆ ಕಾಳು ಹಾಕಿದೆವು. ನೆತ್ತಿಯ ಮೇಲೆ ಸೂರ್ಯ ನಿಂತಾಗ ನಮ್ಮ ನೆರಳು ಕಾಲ ಕೆಳಗೆ ಹುದುಗಿಹೋಗಿತ್ತು. ಅದನ್ನು ತುಳಿಯಲು ನಾನು ಕುಣಿದು ಕುಣಿದು ಏದುಸಿರು ಬಿಟ್ಟೆ.

ಅಪ್ಪಾಜಿಯ ಕಣ್ಣೆಲ್ಲ ಬಸ್ಸಿನ ಮೇಲೆ. ಅಲ್ಲಿಯೂ ಬಸ್ಸಿನ ಬಾಗಿಲಲ್ಲಿ ಒಬ್ಬ ಜೋತುಬಿದ್ದು ಕೂಗುತ್ತಿದ್ದ: "ಮರೀನ್, ಮರೀನ್, ಮರೀನ್!" ಮರೀನ್ ಎಂಬುದು ಅಲ್ಲಿನ ಬಸ್ ನಿಲ್ದಾಣವಂತೆ. ಅಪ್ಪಾಜಿಗೆ ತಡೆಯಲಾಗಲಿಲ್ಲ. ರಸ್ತೆಯ ಅಂಚಿನಲ್ಲಿ ನಿಂತು, ಬೀರೂರಿನಲ್ಲಿ ಕೂಗುವ ಅದೇ ಗಂಟಲಿನಲ್ಲಿ "ಅಜ್ಜಂಪ್ರ, ಅಜ್ಜಂಪ್ರ, ತರೀಕೆರೇ!" ಎಂದುಬಿಟ್ಟರು. ಆ ಬಸ್ಸಿನವನು ತಿರುಗಿ ನೋಡಿ, ಏನೂ ಅರ್ಥವಾಗದಿದ್ದರೂ ಎಲ್ಲವೂ ಅರ್ಥವಾದವನಂತೆ ಹಣೆಗೆ ಕೈಯಿಟ್ಟು ಸಲಾಮು ಹೊಡೆದ. ನನಗೆ ನಾಚಿಕೆ, ಹೆಮ್ಮೆ ಎರಡೂ ಆಯಿತು.

ಮೂರನೆಯ ದಿನ ನಾನು ಹಟ ಹಿಡಿದೆ. ಪಂದ್ಯಕ್ಕೆ ಒಂದೇ ದಿನ ಬಾಕಿ. ತಂಡದ ಕೋಚ್ ಸರ್ ಬರೆಸಿದ್ದ ನಡೆಗಳ ನೋಟ್‌ಬುಕ್ಕು ತೆರೆದು ಕೂತಿದ್ದೆ.

"ನಾನು ಬರಲ್ಲ. ಓದ್ಕೋಬೇಕು. ನೀವೊಬ್ರೇ ಹೋಗಿ."

"ಒಂದೇ ಒಂದು ಬಸ್ಸು ಕಣಮ್ಮ. ತಂತಿ ಹಿಡ್ಕೊಂಡು ಓಡ್ತದಲ್ಲ, ಅದು. ಹತ್ತಿ ಇಳಿದು ಬಂದ್ಬಿಡೋಣ. ಆಮೇಲೆ ನಿನ್ನ ಕುದುರೆ, ಆನೆ ಎಲ್ಲಾ ನಡಿಸ್ಕೋ."

ಅದು ಟ್ರಾಲಿ ಬಸ್ಸು. ನೆತ್ತಿಯ ಮೇಲೆ ಎರಡು ಕೋಲು, ಕೋಲು ಮುಟ್ಟಿದ ವಿದ್ಯುತ್ ತಂತಿ. ನಿಲ್ದಾಣವೆಂದರೆ ಗಾಜಿನ ಗೋಡೆಯ ಎತ್ತರದ ಕಟ್ಟೆ. ಬಾಗಿಲಲ್ಲೇ ಟಿಕೆಟ್ಟಿಗೆಂದು ಒಂದು ಪುಟ್ಟ ಗೂಡು, ಅದರಲ್ಲಿ ಒಬ್ಬ ಹೆಂಗಸು. ಮಧ್ಯಾಹ್ನದ ಹೊತ್ತು, ಜನ ತುಂಬಿದ್ದರು. ಟ್ರಾಲಿ ಬಂದು ನಿಂತಿತು. ಅಪ್ಪಾಜಿ ನನ್ನನ್ನು ಒಳಗೆ ದೂಡಿದರು. ಹಿಂದೆ ಒಬ್ಬ ಬಸುರಿ ಹೆಂಗಸು, ಅವಳಿಗೆ ದಾರಿ ಬಿಟ್ಟರು. ಊರುಗೋಲಿನ ಮುದುಕನೊಬ್ಬ, ಅವನ ತೋಳು ಹಿಡಿದು ಹತ್ತಿಸಿದರು. ಆಮೇಲೆ ತಾವು ಕಾಲಿಡಬೇಕು ಎನ್ನುವಷ್ಟರಲ್ಲಿ ಬಾಗಿಲು ತಾನಾಗಿಯೇ ಮುಚ್ಚಿಕೊಂಡಿತು.

ಆ ಬಸ್ಸಿಗೆ ಕಂಡಕ್ಟರೇ ಇರಲಿಲ್ಲ.

ಗಾಜಿನ ಆಚೆ ಅಪ್ಪಾಜಿಯ ಮುಖ ನೆನಪಿದೆ. ಮೊದಲು ಅವರು ನಕ್ಕರು, ಯಾರೋ ತಮಾಷೆ ಮಾಡಿದ್ದಾರೆ ಎಂಬಂತೆ. ಆಮೇಲೆ ಬಾಗಿಲಿಗೆ ಅಂಗೈಯಿಂದ ಬಡಿದು "ಹೋಲ್ಡಾನ್! ಹೋಲ್ಡಾನ್!" ಎಂದರು. ಟ್ರಾಲಿ ಹೊರಟೇಬಿಟ್ಟಿತು.

ನಾನು ಅಳಲಿಲ್ಲ. ಅಳುವ ಮಕ್ಕಳಿಗೆ ಅಪ್ಪಾಜಿ ಏನು ಹೇಳುತ್ತಿದ್ದರೋ ಅದನ್ನೇ ನನಗೆ ನಾನೇ ಹೇಳಿಕೊಂಡೆ. ಕಂಬಿ ಬಿಗಿಯಾಗಿ ಹಿಡಿದು ನಿಂತೆ. ಒಂದು ನಿಲ್ದಾಣ ಬಂತು, ಇಳಿಯಲಿಲ್ಲ. ಇನ್ನೊಂದು ಬಂತು, ಇಳಿಯಲಿಲ್ಲ. ಹಳೆಯ ಬಿಳಿ ಗೋಡೆಗಳು ಮುಗಿದವು, ಬಣ್ಣ ಹಚ್ಚದ ಇಟ್ಟಿಗೆಯ ಮನೆಗಳು ಬಂದವು, ಎಡಬಲದ ಗುಡ್ಡದ ಮೇಲೆಲ್ಲ ಅವೇ ಮನೆಗಳು. ನನ್ನ ಪಕ್ಕದಲ್ಲಿ ಕರಿ ಹ್ಯಾಟು, ನೀಲಿ ಶಾಲಿನ ಒಬ್ಬ ಅಜ್ಜಿ ಮಡಿಲಲ್ಲಿ ಬುಟ್ಟಿ ಇಟ್ಟುಕೊಂಡು ಕೂತಿದ್ದಳು. ನನ್ನನ್ನು ಬಹಳ ಹೊತ್ತು ನೋಡಿ ಏನೋ ಕೇಳಿದಳು. "ಅಪ್ಪಾಜಿ," ಎಂದು ಹಿಂದಕ್ಕೆ ಕೈ ತೋರಿಸಿದೆ. ಅವಳು ಸರಿದು ಕೂತು ಜಾಗ ಕೊಟ್ಟಳು. ಬುಟ್ಟಿಯಿಂದ ಹುರಿದ ಮುಸುಕಿನ ಜೋಳದ ಕಾಳು ನನ್ನ ಬೊಗಸೆ ತುಂಬ ಸುರಿದಳು. ಉಪ್ಪು ಹಾಕಿ ಹುರಿದದ್ದು, ಒಂದೊಂದು ಕಾಳೂ ನನ್ನ ಹೆಬ್ಬೆರಳಿನ ಉಗುರಿನಷ್ಟು.

ಕೊನೆಯ ನಿಲ್ದಾಣದಲ್ಲಿ ಎಲ್ಲರೂ ಇಳಿದರು. ನಾನು ಇಳಿಯಲಿಲ್ಲ. ಇದೇ ಬಸ್ಸು ವಾಪಸ್ಸು ಹೋಗುತ್ತದೆ ಎಂದು ನನ್ನ ನಂಬಿಕೆ. ಅಜ್ಜಿ ನನ್ನ ಕೈ ಹಿಡಿದು ಎದುರಿನ ಕಟ್ಟೆಗೆ ಕರೆದೊಯ್ದು, ಬೇರೆ ಟ್ರಾಲಿಯ ಡ್ರೈವರಿಗೆ ನನ್ನನ್ನು ತೋರಿಸಿ ಏನೇನೋ ಹೇಳಿ ಹತ್ತಿಸಿದಳು. ಅವನು ನನ್ನನ್ನು ತನ್ನ ಬೆನ್ನ ಹಿಂದಿನ ಕಿಟಕಿಯ ಪಕ್ಕವೇ ಕೂರಿಸಿದ. ಬುಟ್ಟಿ ಸೊಂಟಕ್ಕೇರಿಸಿಕೊಂಡು ಅಜ್ಜಿ ಹೋದಳು. ಕೈಮುಗಿಯುವುದಕ್ಕೂ ಆಗಲಿಲ್ಲ, ಕೈ ತುಂಬ ಜೋಳವಿತ್ತು.

ಆದರೆ ನಾವು ಬಂದ ಬೀದಿ ಮತ್ತೆ ಬರಲೇ ಇಲ್ಲ. ಹಳೆಯ ಪೇಟೆಯಲ್ಲಿ ಹೋಗುವ ಟ್ರಾಲಿಗೆ ಒಂದು ಬೀದಿ, ಬರುವ ಟ್ರಾಲಿಗೆ ಇನ್ನೊಂದು ಎಂಬುದು ನನಗೆ ಗೊತ್ತಿರಲಿಲ್ಲ. ಗುರುತಿಲ್ಲದ ಕಟ್ಟೆಯ ಮುಂದೆ ಡ್ರೈವರ್ ತಿರುಗಿ, ಇಳಿ ಎಂದು ಸನ್ನೆ ಮಾಡಿದ. ಇಳಿದೆ. ಆಗಲೇ ಆಲಿಕಲ್ಲು ಬೀಳತೊಡಗಿತು. ಕಲ್ಲಿನ ಬೀದಿಯ ಮೇಲೆ ಸಬ್ಬಕ್ಕಿ ಚೆಲ್ಲಿದ ಹಾಗೆ. ಅಂಗಡಿಯೊಂದರ ಬಾಗಿಲಲ್ಲಿ ನಿಂತೆ. ಅಪ್ಪಾಜಿ ಹೇಳಿದ್ದು ತಪ್ಪಾಗಿತ್ತು. ಅದುವರೆಗೆ ರಸ್ತೆಯ ವಿಷಯದಲ್ಲಿ ಅವರು ಹೇಳಿದ್ದು ಒಂದೂ ತಪ್ಪಾಗಿರಲಿಲ್ಲ.

ಮಳೆ ನಿಂತ ಮೇಲೆ ಬೀದಿಯ ತುದಿಯಲ್ಲಿ ಹಿಂದಿನ ದಿನ ನೋಡಿದ್ದ ದೊಡ್ಡ ಚೌಕದ ತಾಳೆಮರಗಳು ಕಂಡವು. ಅಲ್ಲಿಂದ ಲೆಕ್ಕ ಹಾಕಿದೆ: ಬೂಟಿನ ಹುಡುಗರು, ಬಿಳಿ ಗುಮ್ಮಟ, ಇಳಿಜಾರು, ಗಾಜಿನ ಕಟ್ಟೆ. ನಿಲ್ದಾಣ ಸಿಕ್ಕಿತು. ಅಪ್ಪಾಜಿ ಇರಲಿಲ್ಲ.

ಗೂಡಿನ ಹೆಂಗಸು ನನ್ನನ್ನು ಕಂಡದ್ದೇ ಹೊರಗೆ ಬಂದಳು. ಅಂಗೈಯನ್ನು ತನ್ನ ಎದೆಯ ಮಟ್ಟಕ್ಕೆ ಹಿಡಿದು ಇಷ್ಟು ಎತ್ತರ ಎಂದು ತೋರಿಸಿದಳು. ಆಮೇಲೆ ಕಿವಿಗಳ ಪಕ್ಕದಿಂದ ಎರಡೂ ಕೈಗಳಿಂದ ಕಾಣದ ಜಡೆಗಳನ್ನು ಕೆಳಕ್ಕೆ ಎಳೆದಳು. ನನಗೆ ತಟ್ಟನೆ ಹೊಳೆಯಿತು. ಅಪ್ಪಾಜಿ ಇಲ್ಲಿಗೆ ಬಂದು ಹೀಗೇ ಕೇಳಿದ್ದಾರೆ. ಎರಡು ಬೆರಳು ತೋರಿಸಿದಳು. ಎರಡು ಸಲ ಬಂದು ಹೋಗಿದ್ದಾರೆ. ನನ್ನನ್ನು ತನ್ನ ಗೂಡಿನೊಳಗೆ ಕುರ್ಚಿಯ ಮೇಲೆ ಕೂರಿಸಿ, ತನ್ನ ಸ್ವೆಟರ್ ಹೊದಿಸಿದಳು.

ಎಷ್ಟು ಹೊತ್ತಾಯಿತೋ ತಿಳಿಯದು. ಅಪ್ಪಾಜಿ ಬಂದರು. ಮೈಯೆಲ್ಲ ಒದ್ದೆ. ಹಣೆಯ ವಿಭೂತಿ ಕರಗಿ ಕೆನ್ನೆಗಿಳಿದಿತ್ತು. ತುಟಿ ಬೂದಿಯ ಬಣ್ಣಕ್ಕೆ ತಿರುಗಿತ್ತು. ಓಡಿ ಬರಲಿಲ್ಲ, ಓಡುವ ಶಕ್ತಿ ಇರಲಿಲ್ಲ. ಗೋಡೆ ಹಿಡಿದು ನಿಂತು, ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದರು.

"ಮುಂದಿನ ಸ್ಟಾಪಲ್ಲಿ ಇಳೀಲಿಲ್ವಾ?"

"ಇಲ್ಲ. ಬಸ್ಸು ವಾಪಸ್ ಬತ್ತದೆ ಅಂತ ನೀವೇ ಹೇಳಿದ್ರಲ್ಲ."

ಅವರು ಅಲ್ಲೇ ನೆಲದ ಮೇಲೆ ಕೂತರು. ಮಾತಿಗೆ ಉಸಿರು ಸಾಲದೆ ತಡೆದು ತಡೆದು ಹೇಳಿದರು: "ಅದು... ನಮ್ಮ ಬಸ್ಸಿಗೆ ಹೇಳಿದ್ದು ಕಣಮ್ಮ."

ನಾನು ದಾರಿಯಲ್ಲಿ ಎಲ್ಲಾದರೂ ಇಳಿದು ನಡೆದು ಬರುತ್ತಿರಬಹುದು ಎಂದು ಅವರು ಟ್ರಾಲಿ ಹತ್ತದೆ, ನಿಲ್ದಾಣದಿಂದ ನಿಲ್ದಾಣಕ್ಕೆ ಓಡಿದ್ದರು. ನಿಂತು ಉಸಿರೆಳೆಯಲೂ ಕಷ್ಟವಾದ ಆ ಎತ್ತರದಲ್ಲಿ. ಪ್ರತಿ ನಿಲ್ದಾಣದಲ್ಲೂ ಕೈ ಎತ್ತರಿಸಿ, ಜಡೆ ಎಳೆದು, ಸಿಕ್ಕವರನ್ನೆಲ್ಲ ಕೇಳಿದ್ದರು.

ಮನೆಯ ಮೆಟ್ಟಿಲನ್ನು ಅವರು ಅಂದು ಕೂತು ಕೂತು ಹತ್ತಿದರು. ರೋಸಾ ಡಾಕ್ಟರನ್ನು ಕರೆಸಿದಳು. ಎತ್ತರದ ಕಾಯಿಲೆ, ಎರಡು ದಿನ ಏಳಕೂಡದು ಎಂದು ಅವರು ಹೇಳಿ ಹೋದರು. ನಾನು ಮಂಚದ ಕಾಲ ಬಳಿ ಕೂತಿದ್ದೆ. ಅಪ್ಪಾಜಿ ಗೋಡೆಯತ್ತ ಮುಖ ಮಾಡಿ ಮಲಗಿದ್ದವರು ಸುಮ್ಮನೆ ಅಂದರು:

"ಉಮಾ, ಅಮ್ಮಂಗೆ ಇದು ಬ್ಯಾಡ."

"ಹೇಳಲ್ಲ ಅಪ್ಪಾಜಿ."

ಯಾರಿಂದಾದರೂ ಏನನ್ನಾದರೂ ಮುಚ್ಚಿಡು ಎಂದು ಅವರು ನನಗೆ ಹೇಳಿದ್ದು ಅದೊಂದೇ ಸಲ.

ಮೊದಲ ಎರಡು ದಿನದ ಆಟಕ್ಕೆ ಕೋಚ್ ಸರ್ ಜೊತೆ ಹೋದೆ. ಎರಡೂ ದಿನ ಸೋತೆ. ಎದುರು ಕೂತವರು ಕಾಯಿ ನಡೆಸುವಾಗ ನನಗೆ ಹದಿನೆಂಟು ಮೆಟ್ಟಿಲುಗಳೇ ಕಾಣುತ್ತಿದ್ದವು. ಮೂರನೆಯ ದಿನ ಅಪ್ಪಾಜಿ ಎದ್ದು ಬಂದು ಹೊರಗಿನ ಬೆಂಚಿನ ಮೇಲೆ ಕೂತರು. ಅಂದು ಗೆದ್ದೆ, ಆಮೇಲೂ ಕೆಲವು ಗೆದ್ದೆ. ಪದಕವೇನೂ ಬರಲಿಲ್ಲ. ವಾಪಸ್ಸು ಬಂದಾಗ ಬೀರೂರು ಸ್ಟೇಷನ್ನಿನಲ್ಲಿ ಅಮ್ಮ ನಮ್ಮಿಬ್ಬರನ್ನೂ ನೋಡಿ, "ಏನ್ರೀ, ಇಷ್ಟು ಸೊರಗಿದೀರಿ?" ಎಂದಾಗ, "ಅಲ್ಲಿ ಗಾಳೀನೇ ಕಮ್ಮಿ ಕಣೇ," ಎಂದರು. ಅದರಲ್ಲಿ ಸುಳ್ಳೇನೂ ಇರಲಿಲ್ಲ.

ಆ ಬೇಸಿಗೆಯಿಂದ ಅವರು ನನ್ನನ್ನು ಬಸ್ಸಿಗೆ ಕರೆದೊಯ್ಯಲಿಲ್ಲ. ಜನ ಜಾಸ್ತಿ ಎಂದರು, ಬಿಸಿಲು ಎಂದರು. ನಾನೂ ಬೆಳೆದೆ, ಕೇಳುವುದನ್ನು ಬಿಟ್ಟೆ. ಚದುರಂಗವೂ ಹೈಸ್ಕೂಲಿನ ಹೊತ್ತಿಗೆ ಬಿಟ್ಟುಹೋಯಿತು. ಈಗ ಅಜ್ಜಂಪುರವೇ ತಾಲ್ಲೂಕು. ಕಾಗದಪತ್ರಕ್ಕೆ ತರೀಕೆರೆಗೆ ಹೋಗುವವರಿಲ್ಲ. ಆ ಬಸ್ಸು ನಿಂತು ವರ್ಷಗಳಾದವು. ಅಪ್ಪಾಜಿ ತೀರಿಕೊಂಡು, ಬರುವ ಚೈತ್ರಕ್ಕೆ ಮೂರು ವರ್ಷ.

ಕಳೆದ ತಿಂಗಳು ಅಮ್ಮ ಮತ್ತು ನಾನು ಜಗುಲಿಯಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದೆವು. ಇನ್ನು ಯಾರಿಗೋಸ್ಕರ ಮುಚ್ಚಿಡುವುದು ಅನ್ನಿಸಿ ಎಲ್ಲವನ್ನೂ ಹೇಳಿದೆ. ಬಾಗಿಲು ಮುಚ್ಚಿದ್ದು, ಆಲಿಕಲ್ಲು, ಗೂಡಿನ ಹೆಂಗಸು, ಅವರು ಓಡಿದ್ದು. ಅಮ್ಮನ ಕೈ ನಿಲ್ಲಲಿಲ್ಲ. ಕಾಯಿ ಸುಲಿಯುತ್ತಲೇ ಕೇಳಿದಳು. ಕೊನೆಗೆ ತಲೆ ಎತ್ತದೆ ಅಂದಳು:

"ಆವತ್ತು ಆಮೇಲಾದ್ರೂ ಅವರು ಏನಾದ್ರೂ ತಿಂದ್ರೇನೇ?"

ನಾನು ನೆನಪು ಮಾಡಿಕೊಳ್ಳಲು ನೋಡಿದೆ. ಆ ದಿನ ನಾನು ತಿಂದದ್ದು ಒಂದೊಂದೂ ನೆನಪಿದೆ, ರುಚಿಯ ಸಮೇತ. ಅಪ್ಪಾಜಿಯ ಮುಂದೆ ಬಟ್ಟಲು ಇತ್ತೋ ಇಲ್ಲವೋ ನೆನಪಿಲ್ಲ. ನಾನು ಅತ್ತ ನೋಡಿರಲೇ ಇಲ್ಲ. ಹೇಳಬಲ್ಲವರಿದ್ದದ್ದು ಅಪ್ಪಾಜಿ ಒಬ್ಬರೇ.

"ಗೊತ್ತಿಲ್ಲಮ್ಮ," ಎಂದೆ.