ಬಡಿಸುವವರಿಲ್ಲದ ದ್ವೀಪ

ಮೊನ್ನೆ ಗಂಗಾವತಿಯಿಂದ ನನ್ನ ತಂಗಿ ಶಾಂತಾ ಬಂದಿದ್ದಳು. ಹೊರಡುವಾಗ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಸಣ್ಣ ಗಾಜಿನ ಬಾಟಲಿ ಇಟ್ಟಳು. ಒಳಗೆ ಉಪ್ಪುನೀರು, ಅದರಲ್ಲಿ ಬೇವಿನಕಾಯಿಗಿಂತ ಒಂದಿಷ್ಟು ದಪ್ಪನೆಯ ಹಸಿರು ಕಾಯಿಗಳು. ಆಲಿವ್ ಅಂತೆ. ಹುಬ್ಬಳ್ಳಿಗೆ ಹೋದಾಗ ಕೊಂಡು ತಂದದ್ದಂತೆ.

"ನಾವು ಹೋಗೋ ದ್ವೀಪದಾಗ ಮುಂಜಾನಿಂದ ಸಂಜೀಮಟ ಇದನ್ನ ತಿಂತಾರಂತ. ತಿಂದು ನೋಡಕ್ಕ, ನಿನಗ ಒಗ್ಗತೈತೋ ಇಲ್ಲೋ ತಿಳೀತೈತಿ. ಶುಕ್ರವಾರದೊಳಗ ಹೇಳು, ಟಿಕೀಟ್ ತಗೀಬೇಕು," ಎಂದು ಹೇಳಿ ಬಸ್ಸಿಗೆ ಹೋದಳು.

ಆ ದ್ವೀಪದ ಹೆಸರು ಕ್ರೀಟ್. ಭೂಮಧ್ಯ ಸಮುದ್ರದಲ್ಲಿದೆ. ಶಾಂತಾ, ಅವಳ ಗಂಡ, ಗಂಗಾವತಿಯ ಅವರ ಗೆಳೆಯರ ಕೆಲವು ಮನೆಯವರು ಕೂಡಿ ಹೊರಟಿದ್ದಾರೆ. ನನ್ನನ್ನೂ ಬಾ ಎನ್ನುತ್ತಿದ್ದಾಳೆ. ನಾನು ಹೂಂ ಎಂದಿಲ್ಲ, ಉಹೂಂ ಅಂತಲೂ ಅಂದಿಲ್ಲ. ಎರಡು ದಿನ ಆ ಬಾಟಲಿಯ ಸುತ್ತ ಓಡಾಡಿದೆ. ಇವತ್ತು ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಮುಚ್ಚಳ ತಿರುವಿದೆ. ಉಪ್ಪಿನಕಾಯಿ ಎಲ್ಲ ಮುಗಿದು ಬರೀ ಉಪ್ಪುನೀರು ಉಳಿದ ಭರಣಿಯನ್ನು ಬಗ್ಗಿ ನೋಡಿದಾಗ ಬರುತ್ತದಲ್ಲ, ಅದೇ ವಾಸನೆ. ಆ ವಾಸನೆಯ ಹಿಂದೆಯೇ ನಮ್ಮವರ ದನಿ ಕೇಳಿಸಿದ ಹಾಗಾಯಿತು. "ಅಲ್ಲೆ ನೀರು ಹೆಂಗದಾವಂತ?"

ನಮ್ಮವರು ಎಂದರೆ ನನ್ನ ಗಂಡ. ಅವರು ತೀರಿಕೊಂಡು ವರ್ಷಗಳೇ ಆದವು, ಇನ್ನೂ ಹೆಸರು ಹಿಡಿದು ಬರೆಯಲು ಕೈ ಬಾರದು. ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಕಲಿಸಿದವಳು, ಸಮಾನತೆಯ ಪಾಠ ಮಾಡಿ ಪ್ರಶ್ನೆ ಕೇಳಿದವಳು, ಗಂಡನ ಹೆಸರು ಹೇಳಲು ನಾಚುತ್ತಾಳಲ್ಲ ಎಂದು ನೀವು ನಗಬಹುದು. ನಗಿ. ಅವರೂ ನನ್ನನ್ನು ಹೆಸರು ಹಿಡಿದು ಕರೆದವರಲ್ಲ. "ಇಲ್ನೋಡಿಲ್ಲೆ" ಎಂಬುದೇ ನನ್ನ ಹೆಸರಾಗಿತ್ತು, ಅದಕ್ಕೆ ನಾನು ಓಗೊಡುತ್ತಿದ್ದೆ.

ಇನ್ನು ನೀರಿನ ವಿಷಯ. ನಮ್ಮ ಕಡೆ ಯಾವ ಊರಿನ ಮಾತು ಬಂದರೂ ಮೊದಲ ಪ್ರಶ್ನೆ ಅದೇ. ಅಲ್ಲಿ ಗುಡಿ ಇದೆಯೋ, ದವಾಖಾನೆ ಇದೆಯೋ ಎಂಬುದೆಲ್ಲ ಆಮೇಲೆ. ನಾನು ಗಂಗಾವತಿಯ ಕಾಲುವೆ ನೀರು ಕುಡಿದು ಬೆಳೆದವಳು, ಮದುವೆಯಾಗಿ ಕುಷ್ಟಗಿಗೆ ಬಂದೆ. ಇಲ್ಲಿಯದು ಸವಳು ನೀರು. ಬಂದ ಹೊಸದರಲ್ಲಿ ಹೊಟ್ಟೆ ಕೆಟ್ಟು ಹಾಸಿಗೆ ಹಿಡಿದೆ. ಅತ್ತೆ ಒಂದು ಉಳ್ಳಾಗಡ್ಡಿಯನ್ನು ಮುಷ್ಟಿಯಿಂದ ಗುದ್ದಿ ಒಡೆದು, "ತಿನ್ನವಾ, ಊರ ನೀರು ಬದಲಾಗ್ಯಾವ," ಎಂದು ಕೈಗೆ ಕೊಟ್ಟರು. ನಮ್ಮವರು ಮರುದಿನದಿಂದ ಸೈಕಲ್ಲಿಗೆ ಕೊಡ ಕಟ್ಟಿಕೊಂಡು, ಊರಾಚೆಯ ಒಂದು ಸಿಹಿನೀರ ಬಾವಿಯಿಂದ ನನಗೆಂದೇ ನೀರು ತಂದರು. ಕೆಲವೇ ದಿನಕ್ಕೆ ನನಗೆ ಸವಳು ನೀರೂ ಒಗ್ಗಿತು. ಅವರ ತಲೆಯಲ್ಲಿ ಮಾತ್ರ ನಾನು ಕೊನೆಯವರೆಗೆ ನೀರು ಒಗ್ಗದ ಹುಡುಗಿಯಾಗಿಯೇ ಉಳಿದೆ.

ನನ್ನ ತಲೆಯಲ್ಲಿ ಅವರೂ ಹಾಗೇ ಕೂತಿದ್ದರು. ಒಂದು ಬೇಸಿಗೆ ಗೋಕರ್ಣಕ್ಕೆ ಹೋಗಿದ್ದೆವು. ಕೊಬ್ಬರಿ ಎಣ್ಣೆಯ ಅಡುಗೆ ಉಂಡು ಅವರ ಹೊಟ್ಟೆ ತಿರುವಿ, ಲಾಡ್ಜಿನ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ಮಲಗಿದವರು ವಾಪಸ್ ಬಸ್ಸಿಗೇ ಎದ್ದರು. ಅವರ ಕಾಲೊತ್ತುತ್ತ ಕಿಟಕಿಯಿಂದ ನಾನು ಒಂದು ಪಟ್ಟಿ ಸಮುದ್ರ ನೋಡಿದೆ. ಅಂದಿನಿಂದ ಈ ಮನುಷ್ಯನಿಗೆ ಪರಸ್ಥಳ ಒಗ್ಗುವುದಿಲ್ಲ ಎಂದು ನಾನು ಖಾತ್ರಿ ಮಾಡಿಕೊಂಡುಬಿಟ್ಟೆ. ಹೀಗೆ ಒಬ್ಬರ ಹೊಟ್ಟೆಯನ್ನು ಇನ್ನೊಬ್ಬರು ಕಾಯುತ್ತ ನಮ್ಮ ಸಂಸಾರ ಸುಖವಾಗಿಯೇ ನಡೆದಿತ್ತು.

ಸಾಲೆಯಲ್ಲಿ ಮಾತ್ರ ನಾನು ವರ್ಷಕ್ಕೊಮ್ಮೆ ತಪ್ಪದೆ ಭೂಮಧ್ಯ ಸಮುದ್ರಕ್ಕೆ ಹೋಗಿಬರುತ್ತಿದ್ದೆ. ನಕಾಶೆಯ ಮೇಲೆ ಕೋಲಿಟ್ಟು, ಬೇಸಿಗೆ ಒಣ, ಚಳಿಗಾಲದಲ್ಲಿ ಮಳೆ, ಬೆಳೆಗಳು ದ್ರಾಕ್ಷಿ, ಅಂಜೂರ, ಆಲಿವ್ ಎಂದು ಹೇಳುತ್ತಿದ್ದೆ. ಒಮ್ಮೆ ಮುಂದಿನ ಸಾಲಿನ ಹುಡುಗಿಯೊಬ್ಬಳು, "ನೀವು ನೋಡೀರೇನ್ರಿ ಟೀಚರ್?" ಎಂದು ಕೇಳಿದಳು. "ಪರೀಕ್ಷಾದಾಗ ಬರತೈತಿ, ಬರಕೋ," ಎಂದೆ. ಇಂಥ ಉತ್ತರ ಕೊಡುವುದರಲ್ಲಿ ನಾವು ಮಾಸ್ತರ ಮಂದಿ ಗಟ್ಟಿಗರು.

ಆ ದ್ವೀಪ ನಮ್ಮ ಮನೆಯೊಳಗೆ ಬಂದದ್ದು ಮಹಬೂಬ ಸಾಹೇಬರ ಫೋನಿನಲ್ಲಿ. ಅವರು ನಮ್ಮ ತೋಟದ ದಾಳಿಂಬೆ ಕೊಳ್ಳುತ್ತಿದ್ದ ವ್ಯಾಪಾರಿ, ನಮ್ಮವರಿಗೆ ಹಳೆಯ ದೋಸ್ತರು. ಹಣ್ಣಿನ ವ್ಯಾಪಾರಿಗಳ ಒಂದು ತಂಡದ ಜೊತೆ ಆ ಕಡೆ ಹೋಗಿಬಂದು, ನಮ್ಮ ಪಡಸಾಲೆಯಲ್ಲಿ ಚಹಾ ಕುಡಿಯುತ್ತ ಫೋಟೋ ತೋರಿಸಿದರು. ಒಂದು ಕಲ್ಲುಗುಡ್ಡ, ಅದರ ಮೇಲೆ ಆಡುಗಳು. ಸುಣ್ಣ ಬಳಿದ ಮಾಳಿಗೆ ಮನೆ. ಮನೆಯ ಮುಂದೆ ದಾಳಿಂಬೆ ಗಿಡ, ಅದರ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತ ಒಬ್ಬ ಮುದುಕ.

"ಇದು ನಮ್ಮ ಕುಷ್ಟಗಿನ ಐತಲ್ರಿ ಸಾಹೇಬ್ರ," ಎಂದರು ನಮ್ಮವರು. "ಕಲ್ಲು, ಆಡು, ದಾಳಿಂಬ್ರಿ. ಇದನ್ನ ನೋಡಾಕ ಇಮಾನ ಹತ್ತಿ ಹೋಗಿದ್ರ್ಯಾ?"

"ಮುದುಕನ ಹಿಂದ ನೋಡ್ರಿ ಸಾವಕಾರ್ರ."

ಹಿಂದೆ ಸಮುದ್ರವಿತ್ತು. ಕಣ್ಣು ಹಾಯುವವರೆಗೆ ನೀಲಿ. ನಮ್ಮವರು ಫೋನನ್ನು ಬಹಳ ಹೊತ್ತು ಹಿಡಿದುಕೊಂಡೇ ಕೂತರು. ಅವರು ಬೋರಿನ ನೀರನ್ನು ಸಣ್ಣ ಪೈಪಿನಲ್ಲಿ ಹನಿಹನಿಯಾಗಿ ಗಿಡಕ್ಕೆ ಬಿಡುತ್ತಿದ್ದವರು. ಎಲ್ಲಿಯಾದರೂ ಪೈಪು ಸೋರಿದರೆ ಅಂಗೈ ಒಡ್ಡಿ ಹಿಡಿಯುವಂಥವರು. "ದಾಳಿಂಬ್ರಿ ಗಿಡದ ನೆಳ್ಳಾಗ ಕುಂತು ಅಷ್ಟು ನೀರು ನೋಡೂದಂದ್ರ..." ಎಂದರು. ಮಾತು ಅಲ್ಲಿಗೇ ನಿಲ್ಲಿಸಿ ಫೋನು ವಾಪಸ್ ಕೊಟ್ಟರು.

ಅಂದಿನಿಂದ ಸಾಹೇಬರು ಬಂದಾಗಲೆಲ್ಲ ವಿಚಾರಣೆ. ನೀರು ಹೆಂಗದಾವ? ಬಿಸಿಲು ಹೆಂಗ? ಜೋಳದ ರೊಟ್ಟಿ ಒಯ್ಯಾಕ ಕೊಡ್ತಾರೇನು? ಮೆಟ್ಟಲಾ ಭಾಳ ಅದಾವೇನು? ಸಾಹೇಬರು ಪಾಪ, ಗೊತ್ತಿದ್ದಷ್ಟು ಹೇಳುತ್ತಿದ್ದರು. ಸಂಜೆ ಕಟ್ಟೆಯ ಮೇಲೆ ನಮ್ಮವರು ಆ ವರದಿಯೆಲ್ಲ ನನಗೆ ಒಪ್ಪಿಸುವುದು.

"ಅಲ್ಲೆ ಉಪ್ಪು ಹವಾ ಇರತೈತಂತ. ನಿನಗ ಒಗ್ಗತೈತೇನು?"

"ನಂದೇನೈತ್ರಿ. ನಿಮಗ ಒಗ್ಗತೈತೋ ಇಲ್ಲೋ ನೋಡ್ರಿ."

"ನಂದ ಬಿಡು. ನಿನ್ನ ಸಲುವಾಗಿ ಕೇಳಿದೆ."

ಅಲ್ಲಿಗೆ ಆ ದಿನದ ಮಾತು ಮುಗಿಯುತ್ತಿತ್ತು. ನಿಮಗೆ ಇದು ಹುಚ್ಚಾಟವೆನಿಸಬಹುದು. ಬೇಕೆಂದರೆ ಬೇಕು, ಬೇಡವೆಂದರೆ ಬೇಡ ಎನ್ನಲು ಏನು ಕಷ್ಟ? ಅದಕ್ಕೆ ನಮ್ಮ ಮನೆಯ ಊಟದ ರೀತಿ ಹೇಳಬೇಕು. ನಮ್ಮ ಅತ್ತೆಯ ಮನೆಯಲ್ಲಿ ಉಣ್ಣಲು ಕೂತವರು ಯಾರೂ ತಮಗೆ ಇನ್ನೊಂದು ರೊಟ್ಟಿ ಬೇಕೆಂದು ಕೇಳುವಂತಿರಲಿಲ್ಲ. ಬೇಕಾದರೆ ಪಕ್ಕದವರ ತಾಟು ತೋರಿಸಿ, "ಇವರಿಗೆ ಹಾಕ್ರಿ," ಎನ್ನಬೇಕು. ಪಕ್ಕದವರು ತಾಟಿನ ಮೇಲೆ ಕೈ ಅಡ್ಡ ಹಿಡಿದು, "ನನಗ ಸಾಕು, ಅವರಿಗೆ ಹಾಕ್ರಿ," ಎನ್ನುತ್ತಾರೆ. ಬಡಿಸುವವರಿಗೆ ಇದೆಲ್ಲ ಗೊತ್ತು. ಅವರು ಇಬ್ಬರ ತಾಟಿಗೂ ಹಾಕಿ ಮುಂದೆ ಹೋಗುತ್ತಾರೆ. ಯಾರೂ ಬಾಯಿಬಿಟ್ಟು ಕೇಳಿದಂತಾಗಲಿಲ್ಲ, ಯಾರೂ ಹಸಿದು ಏಳಲಿಲ್ಲ. ಎಷ್ಟು ಚೆಂದದ ಏರ್ಪಾಡು ಎಂದು ನಾನೇ ಹೊಸ ಸೊಸೆಯಾಗಿ ಬಂದಾಗ ಮೆಚ್ಚಿಕೊಂಡಿದ್ದೆ. ಮುಂದೆ ನಾವಿಬ್ಬರೂ ಊಟಕ್ಕಷ್ಟೇ ಅಲ್ಲ, ಸೀರೆಗೆ, ಧೋತರಕ್ಕೆ, ಸಿನಿಮಾಕ್ಕೆ ಎಲ್ಲದಕ್ಕೂ ಹೀಗೇ ಮಾಡಿದೆವು. ಪ್ರತಿ ಸಲವೂ ಅತ್ತೆಯೋ, ಶಾಂತಾಳೋ, ಯಾರೋ ಒಬ್ಬರು ನಡುವೆ ನಿಂತು ಬಡಿಸಿದರು. ಆ ದ್ವೀಪದ ಮಾತು ಬರುವ ಹೊತ್ತಿಗೆ ಅತ್ತೆ ಇರಲಿಲ್ಲ. ನಾವಿಬ್ಬರೇ ಎದುರುಬದುರು ಕೂತು, ಇವರಿಗೆ ಹಾಕ್ರಿ, ಅವರಿಗೆ ಹಾಕ್ರಿ ಎನ್ನುತ್ತಿದ್ದೆವು.

ಒಂದು ದಿನ ಅವರಿಗೆ ಪರೀಕ್ಷೆಯ ಹುಕಿ ಬಂತು. ದ್ವೀಪದಲ್ಲಿ ಏರು ಬಹಳವಂತೆ, ಮೊದಲು ಕೊಪ್ಪಳದ ಕೋಟೆ ಹತ್ತಿ ನೋಡೋಣ, ಅದು ಆದರೆ ಇದೂ ಆದೀತು ಎಂದರು. ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಎರಡು ಉಳ್ಳಾಗಡ್ಡಿ ಬುತ್ತಿ ಕಟ್ಟಿಕೊಂಡು ಬಸ್ಸು ಹತ್ತಿದೆವು. ಕೊಪ್ಪಳ ನಮಗೇನು ಪರದೇಶವಲ್ಲ, ಆಫೀಸು ಕಚೇರಿ ಎಂದು ಎಷ್ಟೋ ಸಲ ಹೋಗಿದ್ದೇವೆ. ಕೋಟೆಯನ್ನು ಕೆಳಗಿನಿಂದ ನೋಡಿ ವಾಪಸಾಗುವುದು ರೂಢಿ. ಅಂದು ಹತ್ತಿದೆವು. ಅರ್ಧಕ್ಕೆ ನನ್ನ ಮೊಣಕಾಲು ಹಿಡಿಯಿತು. ಅವರಿಗೆ ದಮ್ಮು ಬಂದಿತ್ತು. "ನೀವು ದಣದೀರಿ, ಕೂಡ್ರಿ," ಎಂದೆ ನಾನು. "ನನಗೇನಾಗಿಲ್ಲ, ನಿನ್ನ ಸಲುವಾಗಿ ಕುಂದರತೇನಿ," ಎಂದರು ಅವರು. ಹೀಗೆ ಒಬ್ಬರ ಸಲುವಾಗಿ ಇನ್ನೊಬ್ಬರು ಕೂಡುತ್ತ, ಏಳುತ್ತ, ಅಂತೂ ಮೇಲೆ ಮುಟ್ಟಿದೆವು.

ಮೇಲೆ ಗಾಳಿ ಬೀಸುತ್ತಿತ್ತು. ಕೆಳಗೆ ಊರು, ಊರಿನಾಚೆ ಬಂಡೆಗುಡ್ಡಗಳು, ಬಿಳಿಜೋಳದ ಹೊಲ. ನಮ್ಮವರು ರೊಟ್ಟಿ ಮುರಿಯುತ್ತ, "ಆ ಗುಡ್ಡದಾಚೆ ಎಲ್ಲಾ ಸಮುದ್ರ ಅಂತ ತಿಳಕೋ," ಎಂದರು. ತಿಳಿದುಕೊಂಡೆ. ಸುಳ್ಳು ಹೇಳುವುದಿಲ್ಲ, ಒಂದು ಕ್ಷಣ ನೀಲಿ ಕಂಡೇಬಿಟ್ಟಿತು. ಅವರು ಇನ್ನೇನೋ ಹೇಳುವವರ ಹಾಗೆ ನನ್ನ ಕಡೆ ತಿರುಗಿ ಕೂತಿದ್ದರು. ನನ್ನ ನಾಲಿಗೆಯ ಮೇಲೂ ಒಂದು ಮಾತಿತ್ತು. "ಇನ್ನೊಂದು ರೊಟ್ಟಿ ತಗೋ," ಎಂದರು. "ನನಗ ಸಾಕು, ನೀವು ತಗೋರಿ," ಎಂದೆ. ಆ ರೊಟ್ಟಿಯನ್ನು ಇಬ್ಬರೂ ತಿನ್ನಲಿಲ್ಲ, ಹಾಗೇ ಕಟ್ಟಿಕೊಂಡು ಇಳಿದೆವು.

ಅದಾದ ಮೇಲೆ ದ್ವೀಪದ ಮಾತು ತಾನಾಗಿ ಕಡಿಮೆಯಾಯಿತು. ನಾನೂ ಕೆದಕಲಿಲ್ಲ. ಮರುವರ್ಷ, ಹಣ್ಣು ಕೀಳುವ ದಿನಗಳಲ್ಲಿ, ತೋಟದಿಂದ ಬಂದವರು ಎದೆ ಹಿಡಿದುಕೊಂಡು ಕೂತರು. ದವಾಖಾನೆ ಮುಟ್ಟುವುದರೊಳಗೆ ಎಲ್ಲ ಮುಗಿದಿತ್ತು.

ಮಹಬೂಬ ಸಾಹೇಬರು ಮಾತಾಡಿಸಲು ಬಂದರು. ಚಹಾ ಕೊಟ್ಟೆ. ಅದನ್ನು ಬಸಿಗೆ ಸುರುವಿಕೊಳ್ಳುತ್ತ, "ಸಾವಕಾರ್ರಿಗೆ ಅಲ್ಲಿಗೆ ಹೋಗಬೇಕಂತ ಭಾಳ ಮನಸಿತ್ರಿ ಬಾಯಾರ," ಎಂದರು. "ಕ್ವಾಟಿ ಹತ್ತಿ ಬಂದ ಮ್ಯಾಲೆ ಬ್ಯಾಡ ಅಂದ್ರು. ನಮ್ಮಾಕಿಗೆ ಮೆಟ್ಟಲಾ ಆಗಂಗಿಲ್ಲ, ನಾ ಹೋಗೂಣು ಅಂದ್ರ ನೋವು ನುಂಗಿ ಬರತಾಳ, ಅದಕ್ಕ ಬಿಟ್ಟೆ ಅಂದ್ರು."

"ಅವರಿಗೆ ದಮ್ಮು ಬರತೈತಿ ಅಂತ ನಾ ಬಿಟ್ಟಿದ್ನಿರಿ ಸಾಹೇಬ್ರ," ಎಂದೆ. "ಶಾಂತಾನ ಮುಂದ ಹಂಗ ಹೇಳಿದ್ದೆ."

ಸಾಹೇಬರು ಬಸಿಯನ್ನು ಕೆಳಗಿಟ್ಟರು. ನನ್ನನ್ನು ನೋಡಲಿಲ್ಲ, ಟವೆಲ್ಲಿನಿಂದ ಮುಖ ಒರೆಸಿಕೊಂಡರು. ಅವರು ಹೋದ ಮೇಲೆ ನಾನು ಅತ್ತುಬಿಟ್ಟೆ. ಗಂಡ ಸತ್ತ ದುಃಖ ಒಂದು ಬಗೆಯದು, ಊರೆಲ್ಲ ಬಂದು ಅದನ್ನು ಹಂಚಿಕೊಂಡಿತ್ತು. ಇದನ್ನು ಯಾರ ಜೊತೆ ಹಂಚಿಕೊಳ್ಳಲಿ? ಇಬ್ಬರಿಗೂ ಬೇಕಾಗಿತ್ತು. ಇಬ್ಬರೂ ತಾಟಿನ ಮೇಲೆ ಕೈ ಅಡ್ಡ ಹಿಡಿದು ಕೂತಿದ್ದೆವು.

ಇರಲಿ. ಬಾಟಲಿಗೆ ಬರೋಣ. ಒಂದು ಕಾಯಿ ಬಾಯಿಗೆ ಹಾಕಿಕೊಂಡೆ. ಉಪ್ಪು, ಒಗರು, ಕಡೆಗೆ ಒಂದು ಕಹಿ. ಇಂಥದ್ದನ್ನು ಮಕ್ಕಳಿಂದ ಅಷ್ಟು ವರ್ಷ ಬಾಯಿಪಾಠ ಮಾಡಿಸಿದೆನಲ್ಲ ಎಂದು ನಗು ಬಂತು. ಉಗುಳಲಿಲ್ಲ, ಒಂದು ಚೂರು ರೊಟ್ಟಿ ಮುರಿದು ಅದರ ಜೊತೆ ತಿಂದೆ. ರೊಟ್ಟಿಯ ಜೊತೆಗೂ ಅದು ರುಚಿಸಲಿಲ್ಲ. ಮೊಣಕಾಲು ಮುಟ್ಟಿ ನೋಡಿಕೊಂಡೆ, ಕೋಟೆ ಹತ್ತಿದ ಕಾಲಕ್ಕಿಂತ ಈಗ ಹೆಚ್ಚು ಊದಿಕೊಂಡಿದೆ. ಪಾಸ್‌ಪೋರ್ಟು ಹೊಸದಾಗಿ ಮಾಡಿಸಬೇಕು. ಪೊಲೀಸರು ವಿಚಾರಿಸಲು ಬಂದರೆ ಓಣಿಯವರೆಲ್ಲ ಬಾಗಿಲಿಗೆ ಬರುತ್ತಾರೆ. ಅಷ್ಟು ದೂರ ಹೋಗಿ ನೋಡುವುದೇನು, ಅವೇ ಕಲ್ಲು, ಅವೇ ಆಡು, ಅದೇ ದಾಳಿಂಬೆ. ಹೀಗೆಲ್ಲ ಅಳೆದು ಸುರಿದು ನೋಡಿದರೆ ಆ ದ್ವೀಪ ನನಗೆ ಒಗ್ಗುವ ಲಕ್ಷಣ ಒಂದೂ ಕಾಣಲಿಲ್ಲ.

ಸಂಜೆ ಶಾಂತಾ ಫೋನು ಮಾಡಿದಳು. "ಏನಕ್ಕ, ತಿಂದು ನೋಡಿದೇನು?"

"ನೋಡಿದೆ."

"ಒಗ್ಗತೈತೇನು?"

ನೀವು ಹೋಗಿ ಬರ್ರಿ, ನನ್ನ ಕಟಕೊಂಡು ನಿಮಗ ತ್ರಾಸು ಎಂಬ ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಎಷ್ಟು ವರ್ಷದ ರೂಢಿ ಅದು. ಆ ಕಡೆ ಶಾಂತಾ ಕಾಯುತ್ತಿದ್ದಳು. ಕೋಟೆಯ ಮೇಲೆ ನನ್ನ ಕಡೆ ತಿರುಗಿ ಕೂತವರ ಮುಖ ಕಣ್ಣಿಗೆ ಬಂತು.

"ಒಗ್ಗೂದಿಲ್ಲ ಅನ್ನಸತೈತಿ," ಎಂದೆ. "ಆದ್ರ ನನಗ ಬರಬೇಕಾಗೈತಿ."

ಶಾಂತಾ ಹುಟ್ಟಿದಾಗಿನಿಂದ ಅಕ್ಕನ ಬಾಯಲ್ಲಿ ಇಂಥ ಮಾತು ಕೇಳಿದವಳಲ್ಲ. "ಮತ್ತ ಮೊಣಕಾಲು?" ಎಂದಳು ಮೆಲ್ಲಗೆ.

"ನೋಯತಾವ. ನೋಯಲಿ. ಎಲ್ಲಿ ಆಗತೈತಿ ಅಲ್ಲಿ ಕುಂದರತೇನಿ."

ಫೋನು ಇಟ್ಟು ಊಟಕ್ಕೆ ಕೂತೆ. ಒಂದು ರೊಟ್ಟಿ ಮುಗಿದಾಗ ಕೈ ತಾನಾಗಿಯೇ ತಾಟಿನ ಮೇಲೆ ಅಡ್ಡ ಬಂತು. ಎದುರಿಗೆ ಯಾರೂ ಇರಲಿಲ್ಲ. ಕೈ ತೆಗೆದು, ಬುಟ್ಟಿಯಿಂದ ಇನ್ನೊಂದು ರೊಟ್ಟಿಯನ್ನು ನಾನೇ ಹಾಕಿಕೊಂಡೆ. ಬರಬೇಕಾಗೈತಿ ಎನ್ನಲು ಎಷ್ಟು ಕಡಿಮೆ ಉಸಿರು ಸಾಕಾಯಿತು. ಅಂದು ಕೋಟೆಯ ಆ ಏರು ಹತ್ತಿ ದಣಿದ ಮೇಲೂ ನನ್ನಲ್ಲಿ ಅಷ್ಟು ಉಸಿರು ಇತ್ತು.