ಹಳದಿಗಾಗಿ ಕಾದ ಮೇಷ್ಟ್ರು

ನಂಜನಗೂಡಿನ ಕಾಲೇಜಿನಲ್ಲಿ ನಮಗೆ ಕೆಮಿಸ್ಟ್ರಿ ಹೇಳಿಕೊಡುತ್ತಿದ್ದ ಮೇಷ್ಟ್ರು ಯಾವ ದ್ರವವನ್ನೂ ಮೂಸಿ ಹೆಸರು ಹೇಳಲು ಬಿಡುತ್ತಿರಲಿಲ್ಲ. "ಮೂಗು ಮೋಸ ಮಾಡ್ತದೆ ಕಣ್ರೋ, ಕಾದು ನೋಡಿ" ಎನ್ನುತ್ತಾ ಟೆಸ್ಟ್ ಟ್ಯೂಬನ್ನು ಕಿಟಕಿಯ ಬೆಳಕಿಗೆ ಹಿಡಿಯುತ್ತಿದ್ದರು.

ಒಂದು ಮಧ್ಯಾಹ್ನ ಕಾಲೇಜಿನ ವಾಚ್‌ಮನ್ ಬಾಟಲಿಯೊಂದನ್ನು ಹಿಡಿದು ಲ್ಯಾಬಿಗೆ ಬಂದ.

"ನಮ್ ಭಾವ ಎಲ್ಲಿಂದ್ಲೋ ಒಂದ್ ಕ್ಯಾನ್ ತಂದವ್ನೆ ಸಾ. ವಾಸ್ನೆ ಸಾರಾಯಿ ತರಾನೇ ಅದೆ. ಸಂಜೆ ಎಲ್ರೂ ಕುಡೀತಾರಂತೆ. ನಂಗ್ಯಾಕೋ ಅನ್ಮಾನ."

ಮೇಷ್ಟ್ರು ಒಂದು ಟ್ಯೂಬಿಗೆ ಲ್ಯಾಬಿನ ಎಥನಾಲ್, ಇನ್ನೊಂದಕ್ಕೆ ಅವನು ತಂದದ್ದನ್ನು ಹಾಕಿದರು. ಎರಡಕ್ಕೂ ಅಯೋಡಿನ್ ಮತ್ತು ಕ್ಷಾರ ಬೆರೆಸಿ ಬಿಸಿನೀರಿನಲ್ಲಿಟ್ಟರು. ಎಥನಾಲ್ ಆದರೆ ತಳದಲ್ಲಿ ಹಳದಿ ಪುಡಿ ಕೂರಬೇಕು. ಮೊದಲ ಟ್ಯೂಬಿನಲ್ಲಿ ಕೂತಿತು. ಎರಡನೆಯದು ತಿಳಿಯಾಗಿಯೇ ಉಳಿಯಿತು. ಮತ್ತೊಮ್ಮೆ ಮಾಡಿದರು. ಆಗಲೂ ಹಾಗೆಯೇ.

"ಇದು ಮೆಥನಾಲ್ ಇರಬೌದು. ಕಣ್ಣು ಹೋಗ್ತದೆ, ಜೀವಾನೂ ಹೋಗ್ತದೆ. ನಡಿಯಪ್ಪ" ಎಂದವರೇ ಲ್ಯಾಬ್ ಕೋಟನ್ನೂ ಬಿಚ್ಚದೆ ಅವನನ್ನು ಸ್ಕೂಟರಿನಲ್ಲಿ ಕೂರಿಸಿಕೊಂಡು ಭಾವನ ಊರಾದ ಬಿಳಿಗೆರೆ ಕಡೆ ಹೊರಟರು.

ಮಾರನೆಯ ದಿನ ವಾಚ್‌ಮನ್ ನೊಂದುಕೊಂಡು ಹೇಳಿದ: ಕ್ಯಾನ್ ಚೆಲ್ಲಿಸಿದ್ದಕ್ಕೆ ಭಾವನೂ ಅವನ ಗೆಳೆಯರೂ ಮೇಷ್ಟ್ರಿಗೆ ಬಾಯಿಗೆ ಬಂದಂತೆ ಬೈದರಂತೆ.

ನಮ್ಮ ರೆಕಾರ್ಡ್ ಪುಸ್ತಕ ತಿದ್ದುತ್ತಿದ್ದ ಮೇಷ್ಟ್ರು ತಲೆಯೆತ್ತಲಿಲ್ಲ.

"ಬೈಯೋಕೆ ಎಲ್ರೂ ಬದುಕಿದ್ದಾರಲ್ಲಪ್ಪ" ಎಂದರು.